ತಾಯಿ ಮನೆಯಲ್ಲೇ ಇರುತ್ತಾರೆ

"ಒಂಬತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಸೈತ ಮನೀಗೆ ತರ್ಲಿಕ್ಕಾಗಲಿಲ್ಲ ನಿನಗ, ನಾಯಿ ತರ್ತೀಯೇನಲೇ?"

ವಿಕ್ರಮ ತಮ್ಮನಿಗೆ ಈ ಮಾತು ಹೇಳಿದ್ದು ಸಂಕ್ರಾಂತಿಯ ಸಂಜೆ, ಬಾಯಲ್ಲಿ ಎಳ್ಳುಬೆಲ್ಲ ಇಟ್ಟುಕೊಂಡು, ಮನೆ ತುಂಬ ಮಂದಿಯ ಎದುರಿಗೆ. ಪುಣೆಯ ಬಿಬವೇವಾಡಿಯ ಆ ಮೂರನೇ ಮಹಡಿಯ ಮನೆಗೆ ಅವತ್ತು ಅರ್ಧ ಸೊಸೈಟಿ ಬಂದಿತ್ತು. ಹೆಂಗಸರು ಅರಿಷಿಣ-ಕುಂಕುಮಕ್ಕೆ ಬಂದಿದ್ದರು, ಗಂಡಸರು ಅವರನ್ನು ಕರೆದೊಯ್ಯುವ ನೆಪ ಮಾಡಿಕೊಂಡು ಗೋಧಿ ಹುಗ್ಗಿಗೆ ಬಂದಿದ್ದರು. ಎಲ್ಲರೂ ನಕ್ಕರು. ಕನ್ನಡ ಬಾರದ ನೆರೆಯವರೂ ನಕ್ಕರು. ಮಾರ್ಕ್ಸ್ ಕಾರ್ಡ್ ಎಂಬ ಮಾತಿಗೆ ಭಾಷಾಂತರ ಬೇಕಾಗುವುದಿಲ್ಲ.

ಆಗಿದ್ದಿಷ್ಟೇ. ವಿಕ್ರಮನ ಮಗಳು ಸಾಯಲಿ, ಮೂರನೇ ತರಗತಿಯ ಹುಡುಗಿ, ತನಗೊಂದು ನಾಯಿಮರಿ ಬೇಕೆಂದು ಬಂದವರ ಮುಂದೆ ರಾಗ ತೆಗೆದಿದ್ದಳು. ಶ್ಯಾಮ ಅವಳ ತಲೆ ಸವರಿ, "ಅಳಬ್ಯಾಡ, ನಿನ್ನ ಕಾಕಾ ತರ್ತಾನ," ಎಂದಿದ್ದ. ಅದಕ್ಕೆ ಅಣ್ಣ ಕೊಟ್ಟ ಬಹುಮಾನ ಇದು.

ಶ್ಯಾಮನಿಗೆ ಇಪ್ಪತ್ತನಾಲ್ಕು. ಒಂಬತ್ತರಲ್ಲೇ ಶಾಲೆಗೆ ಕೈಮುಗಿದು ಬಂದವನು ಈಗ ಮಾರ್ಕೆಟ್ ಯಾರ್ಡಿನಿಂದ ಅಂಗಡಿಗಳಿಗೆ ಉಳ್ಳಾಗಡ್ಡಿ, ಬಟಾಟೆ ಸಾಗಿಸುವ ಟೆಂಪೋ ಓಡಿಸುತ್ತಾನೆ. ಅಲ್ಲಿ ಅವನ ಎದುರು ಕೊನೆಯ ಮಾತು ಆಡಿ ಹೋದವರಿಲ್ಲ. ಹಮಾಲರಿಲ್ಲ, ಅಡತಿ ಸಾಹುಕಾರರಿಲ್ಲ, ಟ್ರಾಫಿಕ್ ಪೊಲೀಸನೂ ಇಲ್ಲ. ಅವನ ಕಿವಿ ಕೆಂಪಾದವು. ಬಾಯಿ ತೆರೆದ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿನಿಂದ ತಾಯಿ ರಂಗೂಬಾಯಿಯ ಕೂಗು ಬಂತು.

"ಶ್ಯಾಮ್ಯಾ! ಎಳ್ಳು-ಬೆಲ್ಲ ಬಾಯಾಗ ಅದ. ಒಳ್ಳೆ ಮಾತು ಬಂದ್ರ ಆಡು, ಇಲ್ಲಾಂದ್ರ ನುಂಗು."

ನುಂಗಿದ. ಎಳ್ಳು ಇಳಿಯಿತು, ಸಿಟ್ಟು ಇಳಿಯಲಿಲ್ಲ. ಮಂದಿಯೆಲ್ಲ ಹೋದ ಮೇಲೆ ಅಡುಗೆಮನೆಯಲ್ಲಿ ನಿಂತು ಹೇಳಿದ: "ಒಂದಿನ ಎಲ್ಲಾರ ಮುಂದ ಅವಂಗ ಉತ್ತರಾ ಕೊಡ್ತೀನಿ ಅವ್ವಾ, ನೋಡ್ತಿರು. ಬಾಯಿ ಬಂದ್ ಆಗಬೇಕು, ಅಂಥಾ ಉತ್ತರಾ."

"ಕೊಡೀಯಂತ," ಎಂದಳು ರಂಗೂಬಾಯಿ. "ಮೊದಲ ಆ ತಾಟು ತೊಳಿ."

ಮರುದಿನದಿಂದ ಶ್ಯಾಮ ಅಣ್ಣನ ಜೊತೆ ಮಾತು ಬಿಟ್ಟ. ಎರಡೇ ಖೋಲಿಯ ಮನೆಯಲ್ಲಿ ಮಾತು ಬಿಡುವುದು ಸಣ್ಣ ಕೆಲಸವಲ್ಲ. ಊಟಕ್ಕೆ ಎದುರಾಬದುರಾ ಕೂತೇ ಕೂರಬೇಕು. ಹಾಗಾಗಿ ಮಾತುಗಳೆಲ್ಲ ತಾಯಿಯ ಮೂಲಕ ಹೋಗಿ ಬರತೊಡಗಿದವು.

"ಅವ್ವಾ, ನಿನ್ನ ಹಿರೇ ಮಗಗ ಹೇಳು, ಶೇಂಗಾ ಹಿಂಡಿ ಈಕಡೆ ಸರಿಸು ಅಂತ."

"ಅವ್ವಾ, ನಿನ್ನ ಸಣ್ಣ ಮಗಗ ಹೇಳು, ದೇವರು ಕೈ ಕೊಟ್ಟಾನ, ತಾನೇ ತೊಗೊ ಅಂತ."

"ನಾ ಏನು ಪೋಸ್ಟ್‌ಮನ್ ಇದ್ದೀನೇನ್ರೋ?" ರಂಗೂಬಾಯಿ ಹಿಂಡಿಯ ಡಬ್ಬಿಯನ್ನು ತನ್ನ ತಾಟಿನ ಪಕ್ಕಕ್ಕೆ ಎಳೆದುಕೊಂಡಳು. "ಇಬ್ಬರಿಗೂ ಬ್ಯಾಡ. ನಾನು, ಸುರಭಿ ತಿಂತೀವಿ."

ಸುರಭಿ ವಿಕ್ರಮನ ಹೆಂಡತಿ, ಮೈಸೂರಿನವಳು. ವಿಕ್ರಮ ಮದುವೆಯಾದಾಗಿನಿಂದ ಅಲ್ಲೇ ಒಂದು ವಿಮಾ ಕಂಪನಿಯಲ್ಲಿದ್ದ. ಹೋದ ವರ್ಷ ಕಂಪನಿ ಅವನನ್ನು ಮಗರಪಟ್ಟಾದ ಆಫೀಸಿಗೆ ವರ್ಗ ಮಾಡಿತು. ಅಲ್ಲಿಯವರೆಗೆ ತಾಯಿ, ಕಿರಿಯ ಮಗ ಇಬ್ಬರೇ ಇದ್ದ ಮನೆಗೆ ಅಣ್ಣ, ಅತ್ತಿಗೆ, ಮಗಳು, ಒಂದು ವಾಷಿಂಗ್ ಮಷೀನು, ಬಚ್ಚಲಿನ ಬಾಗಿಲಿಗೆ ಅಂಟಿಸಿದ ಒಂದು ಟೈಮ್‌ಟೇಬಲ್ ಇಷ್ಟೂ ಒಟ್ಟಿಗೆ ಬಂದವು.

ಸುರಭಿಗೆ ಎರಡು ಭಾಷೆಗಳನ್ನು ಒಂದೇ ಸಲ ಕಲಿಯಬೇಕಾಯಿತು: ಹೊರಗೆ ಮರಾಠಿ, ಒಳಗೆ ಅತ್ತೆಯ ಧಾರವಾಡ ಕನ್ನಡ. ಎರಡನೆಯದೇ ಕಷ್ಟ ಎಂದು ಅವಳ ಅಭಿಪ್ರಾಯ. ಈ ಮನೆಯಲ್ಲಿ ಅಜ್ಜಿಗೆ 'ಆಯಿ' ಅನ್ನುತ್ತಾರೆ. ಸಾಯಲಿ ಬಂದ ವಾರದಲ್ಲೇ ರಂಗೂಬಾಯಿಯನ್ನು ಆಯಿ ಎಂದು ಕರೆಯತೊಡಗಿದಳು. ಸುರಭಿ ಅದನ್ನು ತಲೆಯಲ್ಲಿ ಬರೆದಿಟ್ಟುಕೊಂಡಳು. ಶಬ್ದ ಮನೆಯ ಕನ್ನಡದ್ದೋ ಬೀದಿಯ ಮರಾಠಿಯದೋ ಎಂದು ವಿಚಾರಿಸಲಿಲ್ಲ. ಮನೆಯಲ್ಲೇ ಕೂತು ಮೈಸೂರಿನ ಆಡಿಟರೊಬ್ಬರ ಕೆಲಸ ಮಾಡುವವಳು ಹೊರಗಿನವರ ಜೊತೆ ಇಷ್ಟು ದಿನ ಹಿಂದಿಯಲ್ಲೇ ದಬ್ಬಿದ್ದಳು. ಸಂಕ್ರಾಂತಿಯ ದಿನ ಹೆಂಗಸರೆಲ್ಲ ಮರಾಠಿಯಲ್ಲಿ ಹರಟುವುದನ್ನು ನೋಡಿ, ಇನ್ನು ಮೇಲೆ ತಾನೂ ಮರಾಠಿಯೇ ಎಂದು ಪಣ ತೊಟ್ಟಳು.

ಶ್ಯಾಮ ಸುಮ್ಮನೆ ಕೂರುವ ಪೈಕಿಯಲ್ಲ. ನಾಲ್ಕು ದಿನಕ್ಕೇ ಮಧ್ಯಾಹ್ನದ ಊಟದ ಹೊತ್ತಿಗೆ ಮೊಬೈಲನ್ನು ತಾಯಿಯ ಮುಂದೆ ಹಿಡಿದ. ರಟ್ಟಿನ ಪೆಟ್ಟಿಗೆಯೊಂದರಲ್ಲಿ ಮೂರು ಬಣ್ಣದ ಮರಿಗಳು.

"ಮಿಥುನ ಕಳಿಸ್ಯಾನ. ನಮ್ಮ ಯಾರ್ಡಿನ್ಯಾಗ ಮಾಲು ಇಳಸ್ತಾನಲ್ಲ, ಅವನೇ. ಅವನ ಗುರ್ತಿನಂವ ಒಬ್ಬಂವ ಅದಾನ. ಫ್ಲೈಓವರ್ ಕೆಳಗ ನಿಂತ್ರ ಸಾಕು, ಗಾಡಿ ಮ್ಯಾಲೆ ತಂದು ಕೈಯಾಗ ಕೊಟ್ಟು ಹೋಗ್ತಾನಂತ."

ರಂಗೂಬಾಯಿ ಕನ್ನಡಕ ಏರಿಸಿದಳು. "ಚಂದ ಅದಾವ. ಇವರ ತಾಯಿ ಎಲ್ಲೆ?"

"ತಾಯಿ ಯಾಕ ಬೇಕವ್ವಾ? ಅಪ್ಪ ಜರ್ಮನಿಯಂವ ಅಂತ."

"ಅಪ್ಪ ಜರ್ಮನಿಯಂವ, ತಾಯಿ ಯಾರಂತ ಗೊತ್ತಿಲ್ಲ, ಹುಡುಗನ್ನ ಫ್ಲೈಓವರ್ ಕೆಳಗ ತೋರಸ್ತಾರ. ಇಂಥಾ ಸಂಬಂಧ ನಮ್ಮ ಮನ್ಯಾಗ ಇನ್ನೂತನಕಾ ಯಾರೂ ಮಾಡಿಲ್ಲ."

ಸುರಭಿ ಮಜ್ಜಿಗೆ ಬಡಿಸುವುದನ್ನು ನಿಲ್ಲಿಸಿದಳು. "ಅತ್ತೆ ಹೇಳ್ತಿರೋದು ಕರೆಕ್ಟು ಶ್ಯಾಮ. ನಾನೂ ನೆನ್ನೆ ಓದ್ತಿದ್ದೆ. ಮರೀನ ಅದರ ತಾಯಿ ಜೊತೆನೇ ನೋಡ್ಬೇಕಂತೆ. ಹುಟ್ಟಿ ಬೆಳೆದ ಜಾಗ ನೋಡ್ಬೇಕಂತೆ. ದಾರೀಲಿ ತಂದ್ಕೊಡ್ತೀನಿ ಅನ್ನೋರು, ಎರಡು ತಿಂಗಳು ತುಂಬೋ ಮುಂಚೆನೇ ಕೊಡೋರು, ಇವತ್ತೇ ತಗೊಳ್ಳಿ ಅಂತ ಅವಸರ ಮಾಡೋರು, ಅಂಥೋರ ಹತ್ರ ಹೋಗಲೇಬಾರ್ದಂತೆ. ಅವರು ತಾಯಿ ನಾಯೀನ ಮೆಷೀನ್ ಥರ ಇಟ್ಕೊಂಡಿರ್ತಾರಂತೆ."

"ಇದನ್ನ ಯಾರೋ ಹೊಸದಾಗಿ ಬರದಾರೇನು?" ರಂಗೂಬಾಯಿಗೆ ಆಶ್ಚರ್ಯವಾಯಿತು. "ಕನ್ಯಾ ನೋಡ್ಲಿಕ್ಕೆ ಹೋದಾಗ ನಾವು ನೋಡ್ತಿದ್ದದ್ದು ಮತ್ತೇನು? ನೂಲಿನಂತೆ ಸೀರಿ, ತಾಯಿಯಂತೆ ಮಗಳು."

"ನಾಯಿಗೂನಾ ಅತ್ತೆ?"

"ನಾಯಿಗೆ ಮೊದಲು. ಸೊಸಿ ಕಚ್ಚಂಗಿಲ್ಲ."

"ಹಾಗಾದ್ರೆ ನನ್ನ ನೋಡೋಕೆ ಬಂದಾಗ್ಲೂ ನೀವು ನಮ್ಮಮ್ಮನ್ನೇ ನೋಡಿದ್ದಾ?"

"ಇಲ್ಲ, ನಿಮ್ಮವ್ವ ಮಾಡಿದ ಉಪ್ಪಿಟ್ಟು ನೋಡಿದೆ. ಗಂಟಿರಲಿಲ್ಲ. ಹೂಂ ಅಂದೆ."

ಶ್ಯಾಮ ಅಲ್ಲೇ ಫ್ಲೈಓವರಿನವನಿಗೆ ಫೋನ್ ಹಚ್ಚಿ, ನಿಮ್ಮ ಮನೆಗೇ ಬರುತ್ತೇವೆ, ತಾಯಿಯ ಜೊತೆ ಮರಿಗಳನ್ನು ತೋರಿಸು ಎಂದ. ಆ ಕಡೆಯವನು ಫೋನ್ ಕತ್ತರಿಸಿದ. ಶ್ಯಾಮ ಮತ್ತೆ ಹಚ್ಚಿದ, ಸುರಭಿಯ ಫೋನಿನಿಂದ ಹಚ್ಚಿದ, ಕೆಳಗಿನ ವಾಚ್‌ಮನ್ ಫೋನಿನಿಂದಲೂ ಹಚ್ಚಿದ. ಅಷ್ಟರಲ್ಲಿ ಪಲ್ಯ ಆರಿಹೋಗಿತ್ತು. ರಾತ್ರಿ ಊಟಕ್ಕೆ ಕೂತಾಗ ಸುದ್ದಿ ಕೇಳಿದ ವಿಕ್ರಮ ಛಾವಣಿ ನೋಡುತ್ತ, "ಅವ್ವಾ, ಜರ್ಮನಿ ಫೋನ್ ಎತ್ತಲಿಲ್ಲಂತ?" ಎಂದ. ಶ್ಯಾಮ ತಾಟು ಎತ್ತಿಕೊಂಡು ಹೋಗಿ ನಿಂತೇ ಉಂಡ.

ಮುಂದಿನ ವಾರವೆಲ್ಲ ಮನೆಯಲ್ಲಿ ಇನ್ನೂ ಬರದ ನಾಯಿಯದೇ ಜಗಳ. ದೇವರ ಕಟ್ಟೆಯ ಹತ್ತಿರ ಬರಕೂಡದು ಎಂದು ರಂಗೂಬಾಯಿ. ಸೋಫಾ ಏರಕೂಡದು ಎಂದು ಸುರಭಿ. ಬೆಳಿಗ್ಗೆ ಆರಕ್ಕೆ ತಿರುಗಾಡಿಸುವ ಕೆಲಸ ಯಾರದು ಎಂಬ ಮಾತು ಬಂದಾಗ ವಿಕ್ರಮ ಎದೆ ಮುಟ್ಟಿಕೊಂಡು, "ನಂದು," ಎಂದ. ಆರು ಗಂಟೆ ಎಂಬುದು ಬೆಳಿಗ್ಗೆಯೂ ಆಗುತ್ತದೆ ಎಂದು ವಿಕ್ರಮನಿಗೆ ಗೊತ್ತಿರುವುದು ಮನೆಯವರಿಗೆ ಅವತ್ತೇ ತಿಳಿದದ್ದು. ಮಾತು ಬಿಟ್ಟಿದ್ದ ಶ್ಯಾಮನೂ ರೊಟ್ಟಿಯ ಹಿಂದೆ ಮುಖ ಮುಚ್ಚಿಕೊಂಡು ನಕ್ಕ.

ಆಮೇಲೆ ಸುರಭಿ ತಾನೇ ಒಂದು ಜಾಗ ಹುಡುಕಿದಳು. ಕಾತ್ರಜ್ ಘಾಟು ದಾಟಿ, ಭೋರ್ ರಸ್ತೆ ಒಡೆಯುವ ಫಾಟಾದ ಹತ್ತಿರ ಕಿಶೋರ ಎಂಬುವನ ಮನೆ. ಒಳ್ಳೆಯ ಫೋಟೋಗಳು, ಹುಲ್ಲಿನ ಮೇಲೆ ಮರಿಗಳು. ಬಾಗಿಲು ಹಾಕಿಕೊಂಡು, ಗಂಟಲು ಸರಿ ಮಾಡಿಕೊಂಡು, ಮರಾಠಿಯಲ್ಲೇ ಫೋನ್ ಮಾಡಿದಳು. ಮರಿಗೆ 'ಪಿಲ್ಲೂ' ಅನ್ನಬೇಕು, ಗೊತ್ತಿತ್ತು. ತಾಯಿಗೆ ಏನನ್ನಬೇಕು? ಆಯಿ ಅಂದರೆ ಅಜ್ಜಿಯಾಗಿಬಿಡುತ್ತದೆ, ಮರಿಯ ಅಜ್ಜಿಯನ್ನು ಕಟ್ಟಿಕೊಂಡು ಏನಾಗಬೇಕು? 'ತಾಯಿ' ಹಳೆಯ ಶಬ್ದ, ಎಲ್ಲ ಕಡೆ ಇದ್ದೇ ಇರುತ್ತದೆ ಎಂದು ಧೈರ್ಯ ಮಾಡಿ, ಮರಿ ಆಮೇಲೆ, ಮೊದಲು ತಾಯಿಯನ್ನು ನೋಡಬೇಕು ಎಂದಳು.

ಫೋನ್ ಇಟ್ಟು ಹೊರಗೆ ಬಂದಾಗ ಮುಖ ಅರಳಿತ್ತು.

"ಅತ್ತೆ, ತಾಯಿ ಇದ್ದಾರಂತೆ! 'ಮನೆಯಲ್ಲೇ ಇರ್ತಾರೆ, ಎಲ್ಲಿಗೂ ಹೋಗಲ್ಲ, ಮರಿಗಳನ್ನೆಲ್ಲ ನೋಡ್ಕೊಳ್ಳೋದು ಅವರೇ, ಯಾವಾಗ ಬೇಕಾದ್ರೂ ಬಂದು ಮಾತಾಡಿಸಿ' ಅಂದ್ರು."

ರಂಗೂಬಾಯಿ ಅಕ್ಕಿ ಆರಿಸುವುದನ್ನು ಬಿಟ್ಟಳು. "ಇರ್ತಾರ ಅಂದ್ನಾ? ನಾಯಿಗೆ?"

"ಹೂಂ ಅತ್ತೆ. ಬಹುವಚನದಲ್ಲೇ."

"ನೋಡಲೇ ಶ್ಯಾಮ್ಯಾ." ರಂಗೂಬಾಯಿ ಮೊರ ಬದಿಗಿಟ್ಟು ಕೈ ಮುಗಿದಳು. "ಹಡದ ನಾಯಿಗೆ ಎಷ್ಟು ಮರ್ಯಾದಿ ಕೊಡ್ತಾನ ಪುಣ್ಯಾತ್ಮ. ನೀ ಹಡದವ್ವಗ 'ಏ ಅವ್ವಾ, ಚಾ' ಅಂತೀ."

ವಿಕ್ರಮ ಕಾಲ ಮೇಲೆ ಕಾಲು ಹಾಕಿದ. "ಓದಿದವರು ಹುಡುಕಿದ್ರ ಇಂಥಾವು ಸಿಗ್ತಾವ ನೋಡು."

"ಅವ್ವಾ, ನಿನ್ನ ಹಿರೇ ಮಗಗ ಹೇಳು, ಅತಿ ವಿನಯಂ ಧೂರ್ತ ಲಕ್ಷಣಂ ಅಂತ."

"ಅವ್ವಾ, ನಿನ್ನ ಸಣ್ಣ ಮಗಗ ಹೇಳು, ಇಷ್ಟು ಸಂಸ್ಕೃತ ಬರ್ತಿದ್ರ ಪರೀಕ್ಷಾದಾಗ ಬರೀಬೇಕಿತ್ತು ಅಂತ."

ಕಿಶೋರ ಮರುದಿನವೇ ಫೋನ್ ಮಾಡಿ, ಬಹಳ ಜನ ಕೇಳುತ್ತಿದ್ದಾರೆ, ಅಡ್ವಾನ್ಸ್ ಕಳಿಸಿದರೆ ಮರಿ ಎತ್ತಿಡುತ್ತೇನೆ ಎಂದ. ವಿಕ್ರಮ ಕಳಿಸಿಯೇ ಬಿಡುತ್ತಿದ್ದ. ರಂಗೂಬಾಯಿ ಬಿಡಲಿಲ್ಲ. "ತಾಯಿ ಮುಖಾ ನೋಡೂತನಕಾ ಎಲಿ-ಅಡಿಕಿ ಇಲ್ಲ," ಎಂದು ಕಡ್ಡಿ ಮುರಿದಂತೆ ಹೇಳಿದಳು.

ರಥಸಪ್ತಮಿಯ ಹಿಂದಿನ ಭಾನುವಾರ ಹೊರಟರು. ವಿಕ್ರಮನ ಕಾರು ಸರ್ವೀಸಿಗೆ ಹೋಗಿತ್ತು. ಉಳಿದದ್ದು ಶ್ಯಾಮನ ಟೆಂಪೋ. "ನಾ ಕರಕೊಂಡು ಹೋಗ್ತೀನಿ, ಆದ್ರ ಓದಿದವರು ಹಿಂದ ಕೂಡಬೇಕು," ಎಂದು ಶ್ಯಾಮ ಕೀಲಿ ತಿರುಗಿಸಿದ. ಇಸ್ತ್ರಿ ಮಾಡಿದ ಅಂಗಿ ತೊಟ್ಟ ವಿಕ್ರಮ ಮಗಳನ್ನು ತಬ್ಬಿಕೊಂಡು ಉಳ್ಳಾಗಡ್ಡಿ ಸಿಪ್ಪೆಯ ನಡುವೆ ಕೂತ. ಮುಂದೆ ಸುರಭಿ, ರಂಗೂಬಾಯಿ. ರಂಗೂಬಾಯಿಯ ತೊಡೆಯ ಮೇಲೆ ಒಂದು ದೊಡ್ಡ ಚೀಲ.

"ಅದ್ರಾಗ ಏನದವ್ವಾ?"

"ಉಡಿ ಸಾಮಾನು. ಅಕ್ಕಿ, ತೆಂಗಿನಕಾಯಿ, ಒಂದು ಖಣ. ಮತ್ತ ಅಂಟಿನುಂಡಿ. ಬಾಣಂತಿ ನೋಡ್ಲಿಕ್ಕೆ ಬರಿಗೈಲೆ ಹೋಗ್ತಾರೇನು?"

"ಅವ್ವಾ, ಅದು ನಾಯಿ."

"ಅಂವಾ 'ಇರ್ತಾರ' ಅಂದಾನ, ನಾ ಉಡಿ ತುಂಬಬಾರದೇನು? ಖಣ ತೊಟ್ಕೊಳ್ಳಂಗಿಲ್ಲ ಖರೆ. ಹಾಸಿಗಿ ಮ್ಯಾಲೆ ಹಾಸಿದ್ರಾತು. ಮಕ್ಕಳ ತಾಯಿ. ನಾ ತುಂಬೂ ಹಂಗಿಲ್ಲ, ನಿಮ್ಮಪ್ಪ ಇಲ್ಲ. ಸುರಭಿ ತುಂಬ್ತಾಳ."

ಸುರಭಿ ಕಿಟಕಿಯ ಕಡೆ ತಿರುಗಿ ತುಟಿ ಕಚ್ಚಿಕೊಂಡಳು.

ಗುಲಾಬಿ ಬಣ್ಣದ ಮನೆ. ಗೇಟಿನ ಮೇಲೆ ನಾಯಿಯ ಚಿತ್ರ. ಬಿಳಿ ಶೂ ಹಾಕಿದ ಕಿಶೋರ ಪಡಸಾಲೆಯಲ್ಲೇ ನಿಂತಿದ್ದ. ಮೈಯೆಲ್ಲ ಅತ್ತರು. ಇವರನ್ನು ಕಂಡದ್ದೇ ಒಳಗೆ ತಿರುಗಿ ಕೂಗಿದ: "ತಾಈ! ಪಾಹುಣೆ ಆಲೇ!" ಮಂದಿ ಬಂದರು ಎಂದು.

ಒಳಗಿನಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಲವತ್ತರ ಹೆಂಗಸೊಬ್ಬಳು ಬಂದಳು. ಸುರಭಿ ಅವಳಿಗೆ ನಮಸ್ಕಾರ ಮಾಡಿ, ಅವಳ ಬೆನ್ನ ಹಿಂದೆ ಇಣುಕಿದಳು. ಯಾರೂ ಬರಲಿಲ್ಲ. ರಂಗೂಬಾಯಿಯೂ ಬಗ್ಗಿ ನೋಡಿದಳು. ಸಾಯಲಿ ಕುರ್ಚಿಯ ಕೆಳಗೆ ನೋಡಿದಳು.

"ತಾಯಿ ಕುಠೇ?" ಎಂದು ಕೇಳಿದಳು ಸುರಭಿ. ಎಲ್ಲಿ?

"ಹೀ ಕಾಯ ತಾಈ!" ಕಿಶೋರ ಹೆಂಗಸಿನ ಕಡೆ ಕೈ ತೋರಿಸಿದ. "ನೀವೇ ಹೇಳಿದ್ದಿರಲ್ಲ, ಮೊದಲು ತಾಈಯನ್ನು ನೋಡಬೇಕು ಅಂತ."

ಆಮೇಲೆ ಶ್ಯಾಮ ಮೆಟ್ಟಿಲ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡ. "ಅಣ್ಣಾ! ಅಣ್ಣಾ, ಮರಾಠ್ಯಾಗ ತಾಈ ಅಂದ್ರ ಅಕ್ಕ! ಸುರಭಿ ವೈನಿ ಫೋನಿನ್ಯಾಗ 'ಮೊದಲ ನಿಮ್ಮ ಅಕ್ಕನ್ನ ತೋರಸ್ರಿ' ಅಂದಾರ!"

ವಿಕ್ರಮ ಗೋಡೆ ಹಿಡಿದುಕೊಂಡು ನಕ್ಕ. ಕಣ್ಣಲ್ಲಿ ನೀರು ಬಂತು. "ಮತ್ತ ಅವ್ವ ಉಡಿ ತಂದಾಳಲೇ!" ಎಂದ. ಇಬ್ಬರೂ ಒಬ್ಬರ ಭುಜಕ್ಕೊಬ್ಬರು ಬಡಿದುಕೊಂಡರು. ಆಮೇಲೆ ತಾವು ಮಾತು ಬಿಟ್ಟಿದ್ದು ಇಬ್ಬರಿಗೂ ಒಟ್ಟಿಗೇ ನೆನಪಾಗಿ ಬೇರೆ ಬೇರೆ ಕಡೆ ನೋಡಿದರು. ಸುರಭಿಯ ಮುಖ ಕುಂಕುಮದಂತಾಗಿತ್ತು. "ಹಾಗಾದ್ರೆ ತಾಯಿಗೆ ಏನಂತಾರೆ?"

"ಆಯಿ ಅಂತಾರ ವೈನಿ!"

"ಅಯ್ಯೋ, ಆಯಿ ಅಂದ್ರೆ ಅಜ್ಜಿ ಅಲ್ವಾ?"

ಕಿಶೋರನಿಗೆ ನಗು ಅರ್ಥವಾಗಲಿಲ್ಲ, ಪ್ರಶ್ನೆ ಮಾತ್ರ ಅರ್ಥವಾಯಿತು. ಅವನು ತಡಮಾಡಲಿಲ್ಲ. ಮರಿಗಳ ತಾಯಿಯಾ? ಅದು ಕಾತ್ರಜಿನ ಡಾಕ್ಟರ ಹತ್ತಿರ ಹೋಗಿದೆ, ಇಂಜೆಕ್ಷನ್ನು, ಸಂಜೆಗೆ ಬರುತ್ತದೆ. ಇಗೋ ಫೋಟೋ. ಇಗೋ ಸಿಕ್ಕಾ ಹಾಕಿದ ಸರ್ಟಿಫಿಕೇಟು. ಬುಟ್ಟಿಯಿಂದ ಒಂದು ಮರಿಯನ್ನೆತ್ತಿ ಸಾಯಲಿಯ ತೊಡೆಯ ಮೇಲೆ ಇಟ್ಟ. ಅಷ್ಟೇ, ಸಾಯಲಿ ಭೂಮಿಯ ಮೇಲಿರಲಿಲ್ಲ.

ರಂಗೂಬಾಯಿ ಚೀಲವನ್ನು ನೋಡಿದಳು, ಬಾಗಿಲಲ್ಲಿ ನಿಂತ ಹೆಂಗಸನ್ನು ನೋಡಿದಳು. "ತಂದ ಉಡಿ ತಿರುಗಿ ಒಯ್ಯಬಾರದು," ಎಂದಳು. ಆಮೇಲೆ ತನ್ನ ನಲವತ್ತು ವರ್ಷದ ಪುಣೆಯ ಮರಾಠಿಯಲ್ಲಿ, "ನಿನ್ನ ನೋಡಬೇಕು ಅಂತಲೇ ಬಂದಂತಾಯಿತು ಮಗಳೇ, ಹೋಗು, ಮಣೆ ಹಾಕಿಕೊಂಡು ಕೂಡು," ಎಂದಳು. ಮಂಡಿ ನೋವಿನವಳು ತಾನು ಕುರ್ಚಿಯಿಂದ ಏಳಲಿಲ್ಲ. ಸುರಭಿಯನ್ನು ಒಳಗೆ ಕಳಿಸಿದಳು. ಚೀಲ ಹೊತ್ತುಕೊಂಡು ಶ್ಯಾಮ ಹಿಂದೆ ಹೋದ.

ಅಡುಗೆಮನೆಯಲ್ಲಿ ಹೆಂಗಸು ಮಣೆಯ ಮೇಲೆ ಕೂತು ಸೆರಗು ಒಡ್ಡಿದಳು. ಸುರಭಿ ಕುಂಕುಮ ಹಚ್ಚಿ, ಅಕ್ಕಿ, ಕಾಯಿ, ಖಣ ಹಾಕಿದಳು. ಹೆಂಗಸಿನ ಕಣ್ಣು ತುಂಬಿದವು. ತಾಯಿ ತೀರಿಕೊಂಡ ಮೇಲೆ ತನ್ನ ಉಡಿ ಯಾರೂ ತುಂಬಿರಲಿಲ್ಲ ಎಂದಳು, ಗಂಡ ಸೂರತ್ತಿನ ಗಿರಣಿಯಲ್ಲಿ ಇದ್ದಾನೆ ಎಂದಳು. ಸುರಭಿ ಎಲ್ಲದಕ್ಕೂ "ಹೋ, ಹೋ," ಎಂದು ತಲೆಯಾಡಿಸಿದಳು. ಹೊರಗಿನಿಂದ ಸಾಯಲಿಯ ನಗು ಕೇಳಿಸಿತು. ಹೆಂಗಸು ಬಾಗಿಲ ಕಡೆ ನೋಡಿ, ಸುರಭಿಯ ಕೈ ಹಿಡಿದು, ಸಣ್ಣ ದನಿಯಲ್ಲಿ ಪಟಪಟ ಮರಾಠಿಯಲ್ಲಿ ಹೇಳತೊಡಗಿದಳು.

"ಈ ಮರಿ ಒಯ್ಯಬೇಡ ತಂಗಿ. ಇವು ಇಲ್ಲಿ ಹುಟ್ಟಿದವಲ್ಲ, ಪೆಟ್ಟಿಗೆಯಲ್ಲಿ ಬರುತ್ತವೆ. ಹಾಲು ಬಿಟ್ಟಿರುವುದಿಲ್ಲ, ಅಷ್ಟರಲ್ಲೇ ತರುತ್ತಾರೆ. ತಾಯಿಯನ್ನು ನಾನೂ ನೋಡಿಲ್ಲ. ಒಂದು ಸಲ ಈದು ಎದ್ದೇಳುವುದರೊಳಗೆ ಮತ್ತೆ ಗಬ್ಬ ಕಟ್ಟಿಸುತ್ತಾರಂತೆ ಅದಕ್ಕೆ. ಹೋದ ಸಲ ಒಯ್ದವರ ಮನೆಯಲ್ಲಿ ಒಂದು ಮರಿಯೂ ಉಳಿಯಲಿಲ್ಲ. ವಾಸನೆ ಬರದಿರಲೆಂದು ಪೌಡರ್ ಹಚ್ಚುವುದು ನಾನೇ. ಪಾಪ ಅಂತ ಒಂದನ್ನು ಒಯ್ದರೂ ಆ ಜಾಗಕ್ಕೆ ಇನ್ನೊಂದು ಪೆಟ್ಟಿಗೆ ಬರುತ್ತದೆ."

"ಹೋ," ಎಂದಳು ಸುರಭಿ, ಅರ್ಥವಾದ ಒಂದೇ ಶಬ್ದವನ್ನು ಹಿಡಿದುಕೊಂಡು. "ಪೌಡರ್ ಛಾನ!" ಪೌಡರ್ ಚೆನ್ನಾಗಿದೆ ಎಂದು.

ಶ್ಯಾಮನಿಗೆ ಒಂದೊಂದು ಅಕ್ಷರವೂ ಅರ್ಥವಾಗಿತ್ತು. ಅವನ ಕಿವಿ ಕೆಂಪಾದದ್ದನ್ನು ಹೆಂಗಸು ನೋಡಿದಳು. ಕೈ ಬಾಯಿಗೆ ಹೋಯಿತು. "ತಮ್ಮಾ, ನಾನು ಹೇಳಿದೆ ಅನ್ನಬೇಡ. ನೀವು ಹೋಗುತ್ತೀರಿ. ನಾನು ಇಲ್ಲೇ ಇರಬೇಕು."

ಶ್ಯಾಮ ಆಣೆ ಎಂಬಂತೆ ಕೊರಳು ಮುಟ್ಟಿಕೊಂಡು ತಲೆಯಾಡಿಸಿದ. ಹೆಂಗಸಿಗೆ ಸ್ವಲ್ಪ ಉಸಿರು ಬಂತು. "ಮರಿ ಬೇಕಾದರೆ ಭೋರಿಗೆ ಹೋಗಿ. ರಾಜವಾಡೆಯ ಹಿಂದಿನ ಓಣಿಯಲ್ಲಿ ನನ್ನ ಅತ್ತೆ ಇದ್ದಾಳೆ. ಅವಳ ನಾಯಿ ಈದಿದೆ, ತಾಯಿ-ಮಕ್ಕಳು ಅಲ್ಲೇ ಇವೆ. ಆದರೆ ಮುದುಕಿ ಸುಮ್ಮನೆ ಕೊಡುವವಳಲ್ಲ, ನಿಮ್ಮ ಮನೆಯನ್ನೇ ನೋಡಲು ಬಂದಾಳು. ನನಗೂ ಅವಳಿಗೂ ಆಗುವುದಿಲ್ಲ, ಅದಕ್ಕೇ ಇಲ್ಲಿದ್ದೇನೆ. ನಾಯಿಗೂ ಅವಳಿಗೂ ಮಾತ್ರ ಬಹಳ ಆಗುತ್ತದೆ."

ಶ್ಯಾಮ ಪಡಸಾಲೆಗೆ ಬಂದಾಗ ವಿಕ್ರಮ ದುಡ್ಡು ಕಳಿಸಲು ಮೊಬೈಲ್ ತೆಗೆದಿದ್ದ. ಮಧ್ಯಾಹ್ನ ಇನ್ನೊಂದು ಪಾರ್ಟಿ ಬರುವುದಿದೆ ಎಂದು ಕಿಶೋರ ಗಡಿಯಾರ ನೋಡುತ್ತಿದ್ದ. ರಂಗೂಬಾಯಿಯೇ ಮೆತ್ತಗಾಗಿದ್ದಳು. "ಡಾಕ್ಟರ ಕಡೆ ಹೋಗ್ಯದ ಅಂದ್ರ ತಾಯಿ ಅದ ಅಂತಲೇ ಆತಲ್ಲ," ಎನ್ನುತ್ತಿದ್ದಳು. ಸಾಯಲಿಯ ತೊಡೆಯ ಮೇಲೆ ಮರಿ ಕಣ್ಣು ಮುಚ್ಚಿ ಬಿದ್ದಿತ್ತು. "ಎಷ್ಟು ಶಾಣ್ಯಾ ಅದ ನೋಡು ಕಾಕಾ, ಗದ್ಲಾನೇ ಮಾಡಂಗಿಲ್ಲ."

"ಬ್ಯಾಡ," ಎಂದ ಶ್ಯಾಮ.

"ಏನು ಬ್ಯಾಡ?" ವಿಕ್ರಮ ತಲೆ ಎತ್ತಿದ.

"ಈ ಮರಿ ಬ್ಯಾಡ."

"ಯಾಕ? ಸರ್ಟಿಫಿಕೇಟ್ ಅದ, ಫೋಟೋ ಅದ, ಹುಡುಗಿ ಹೂಂ ಅಂದಾಳ. ಕಾರಣ ಹೇಳು."

ಶ್ಯಾಮ ಬಾಯಿ ತೆರೆದ. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಪೆಟ್ಟಿಗೆ, ಪೌಡರು, ಹೋದ ಸಲದ ಮರಿಗಳು. ಒಂದೇ ಉಸಿರಿಗೆ ಹೇಳಿದರೆ ಬಿಳಿ ಶೂದವನೂ ಮುಗಿದ, ಸಂಕ್ರಾಂತಿಯ ಮಾರ್ಕ್ಸ್ ಕಾರ್ಡೂ ಮುಗಿಯಿತು. ಎಲ್ಲರೂ ಇದ್ದರು, ಅವನು ಬೇಡಿಕೊಂಡಿದ್ದ ಹಾಗೆಯೇ.

ಅಡುಗೆಮನೆಯ ಬಾಗಿಲಲ್ಲಿ ಹೆಂಗಸು ನಿಂತಿದ್ದಳು. ಸೆರಗಿನ ಗಂಟಿನಲ್ಲಿ ಅಕ್ಕಿ, ಕಾಯಿ ಹಾಗೇ ಇದ್ದವು.

ಕಿಶೋರ ಅವನ ಕಣ್ಣು ಹೋದ ಕಡೆ ತಿರುಗಿ ನೋಡತೊಡಗಿದ. ಶ್ಯಾಮ ಥಟ್ಟನೆ ಬಗ್ಗಿ ಸಾಯಲಿಯ ತೊಡೆಯಿಂದ ಮರಿಯನ್ನೆತ್ತಿದ. ಅದರ ಮೈ ಸುಡುತ್ತಿತ್ತು. ಬುಟ್ಟಿಯಲ್ಲಿ ಇಡುವಾಗ ಕೈ ಒಂದು ಗಳಿಗೆ ಹಿಂದೆ ಬರಲಿಲ್ಲ. ಆಮೇಲೆ ಬಂತು. ಸಾಯಲಿ ದೊಡ್ಡ ದನಿ ತೆಗೆದಳು.

"ಯಾರು ಏನು ಹೇಳಿದರು ನಿನಗೆ?" ಕಿಶೋರನ ಮರಾಠಿಯಿಂದ ಈಗ ಅತ್ತರು ಹಾರಿಹೋಗಿತ್ತು. "ಹೇಳು, ಯಾರು? ಶಾಲೆಯ ಮುಖ ಕಂಡಿದ್ದೀಯೇನೋ? ಉಳ್ಳಾಗಡ್ಡಿ ಹೊರುವ ಅಡಾಣಿ, ಅಕ್ಷರ ಬಾರದವನು, ನಾಯಿ ನೋಡಲು ಬಂದಿದ್ದಾನೆ!"

ಶ್ಯಾಮ ಅವನ ಕಡೆ ಒಂದು ಹೆಜ್ಜೆ ಇಟ್ಟ. ರಂಗೂಬಾಯಿ ಕುರ್ಚಿಯ ತುದಿಗೆ ಬಂದಳು. ಆದರೆ ಎದ್ದು ನಿಂತವನು ವಿಕ್ರಮ. ಮೊಬೈಲನ್ನು ಜೇಬಿಗೆ ಹಾಕಿದ.

"ಓ ಸಾಹೇಬ್ರ," ಎಂದ ಮರಾಠಿಯಲ್ಲಿ, ಇಸ್ತ್ರಿ ಅಂಗಿಗೆ ಹತ್ತಿದ್ದ ಉಳ್ಳಾಗಡ್ಡಿ ಸಿಪ್ಪೆಯನ್ನು ಝಾಡಿಸುತ್ತ. "ಅವನಿಗೆ ಅನ್ನುವುದೇನಿದ್ದರೂ ನಾವು ಅಂತೀವಿ. ನೀವು ಅನ್ನಬಾರದು."

ಸಾಯಲಿ ಅಳು ನಿಲ್ಲಿಸಿ ಅಪ್ಪನನ್ನು ನೋಡಿದಳು. ಶ್ಯಾಮ ಅವಳನ್ನು ಎತ್ತಿ ಸೊಂಟದ ಮೇಲೆ ಕೂಡಿಸಿಕೊಂಡ. ಚಪ್ಪಲಿ ಮೆಟ್ಟಿದ.

"ಕಾಕಾ, ಎಲ್ಲಿಗೆ?"

ಅವಳ ಕಿವಿಯಲ್ಲಿ ಹೇಳಿದ: "ತಾಯಿ ನೋಡ್ಲಿಕ್ಕೆ."

"ಖರೇ ತಾಯಿ ಹೌದಲ್ಲ? ಮತ್ತ ಅಕ್ಕ ಬಂದ್ರ?"

ಅವನಿಗೆ ನಗು ಬಂತು. ಅವಳ ಮೂಗು ಒರೆಸಿದ.

"ಏಳ್ರಿ ಎಲ್ಲಾರೂ," ಎಂದಳು ರಂಗೂಬಾಯಿ, ಮಂಡಿ ಹಿಡಿದುಕೊಂಡು ಏಳುತ್ತ. "ಶ್ಯಾಮ್ಯಾ ಬಾಯಿ ಮುಚ್ಚಿಕೊಂಡಾನ ಅಂದ್ರ ಮಾತು ಭಾಳ ದೊಡ್ಡದದ. ಸುರಭಿ, ಅಂಟಿನುಂಡಿ ಡಬ್ಬಿ ತೊಗೊ. ಅದು ಬಾಣಂತೀದು."

"ಯಾರು ಹೇಳಿದರು?" ಕಿಶೋರ ಮೆಟ್ಟಿಲವರೆಗೆ ಬಂದು ಕೂಗಿದ.

"ಲೇ ಶ್ಯಾಮ್ಯಾ," ಹಿಂದಿನಿಂದ ವಿಕ್ರಮ ಚಪ್ಪಲಿ ಹುಡುಕುತ್ತ ಕೇಳಿದ, "ನಾ ಅಂತೂ ನಿನ್ನ ಪರ ನಿಂತೆ. ಈಗರೆ ಹೇಳೋ ಮಾರಾಯಾ, ಯಾಕ?"

ಶ್ಯಾಮ ಅಂಗಳ ದಾಟಿದ. ಗೇಟಿನ ಮೇಲಿದ್ದ ನಾಯಿಯ ಚಿತ್ರ ದಾಟಿದ. ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ, ಹುಡುಗಿಯನ್ನು ಸೊಂಟದ ಮೇಲೆ ಸರಿಮಾಡಿಕೊಂಡು, ತಿರುಗಿ ನೋಡದೆ ಟೆಂಪೋದ ಕಡೆ ನಡೆದ.